ಸ್ಯಾನಿಟೈಸರ್ ಹಚ್ಚಿದರೆ ಎಲ್ಲ ವೈರಸ್ ಸಾಯುತ್ತಾ? ಆಸ್ಪತ್ರೆಗೆ ಹೋಗುವ ಮುನ್ನ ಇದು ಗೊತ್ತಿರಲಿ

ಸಿಕಂದರಾಬಾದ್: ತೆಲಂಗಾಣದ ಮೊದಲ ಕೊರೊನಾ ಪ್ರಕರಣ ದೃಢಪಟ್ಟಿದ್ದು 2020ರ ಮಾರ್ಚ್ 2ರಂದು. ಬೆಂಗಳೂರಿನಿಂದ ಬಂದಿದ್ದ ಯುವಕನಿಗೆ ಇಲ್ಲಿನ ಸರ್ಕಾರಿ ಗಾಂಧಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡಲಾಗಿತ್ತು. ಮುಂದೆ ಇದೇ ಆಸ್ಪತ್ರೆ ರಾಜ್ಯದ ಪ್ರಮುಖ ಕೋವಿಡ್ ಚಿಕಿತ್ಸಾ ಕೇಂದ್ರವಾಯಿತು. ಆ ದಿನಗಳಲ್ಲಿ ಸ್ಯಾನಿಟೈಸರ್ ಮನೆಮಾತಾಯಿತು. ಹಾಗಾದರೆ ಆಲ್ಕೋಹಾಲ್ ಎಲ್ಲ ವೈರಸ್‌ಗಳನ್ನೂ ಕೊಲ್ಲುತ್ತದೆಯೇ? ಇಲ್ಲ.

ವ್ಯತ್ಯಾಸ ಎಲ್ಲಿದೆ?

ಕೊರೊನಾ, ಇನ್‌ಫ್ಲುಯೆಂಜಾ, ಎಚ್‌ಐವಿ ವೈರಸ್‌ಗಳ ಸುತ್ತ ಕೊಬ್ಬಿನ ಪೊರೆ ಇರುತ್ತದೆ. ಆಲ್ಕೋಹಾಲ್ ಈ ಪೊರೆಯನ್ನು ಒಡೆಯುತ್ತದೆ. ಪೊರೆ ಹೋದರೆ ವೈರಸ್ ನಿಷ್ಕ್ರಿಯ. ಆದರೆ ವಾಂತಿ-ಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್‌ಗಳಿಗೆ ಇಂಥ ಪೊರೆಯೇ ಇಲ್ಲ. ಅವುಗಳ ಗಟ್ಟಿ ಪ್ರೋಟೀನ್ ಕವಚ ಆಲ್ಕೋಹಾಲ್‌ಗೆ ಸುಲಭವಾಗಿ ಮಣಿಯುವುದಿಲ್ಲ.

ಎಷ್ಟು ಆಲ್ಕೋಹಾಲ್ ಇರಬೇಕು?

ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬುದು ತಪ್ಪು ಕಲ್ಪನೆ. ಪ್ರೋಟೀನ್ ಕೆಡಿಸಲು ಸ್ವಲ್ಪ ನೀರೂ ಬೇಕು. ಹಾಗಾಗಿ ಶುದ್ಧ ಆಲ್ಕೋಹಾಲ್‌ಗಿಂತ ನೀರು ಬೆರೆತದ್ದೇ ಹೆಚ್ಚು ಪರಿಣಾಮಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಶೇ.80 ಎಥನಾಲ್ ಅಥವಾ ಶೇ.75 ಐಸೊಪ್ರೊಪೈಲ್ ಆಲ್ಕೋಹಾಲ್ ಇರುತ್ತದೆ. ಶೇ.60ಕ್ಕಿಂತ ಕಡಿಮೆ ಇದ್ದರೆ ನಂಬುವಂತಿಲ್ಲ. ಅಂಗೈ ತುಂಬ ಹಾಕಿಕೊಂಡು, ಬೆರಳ ಸಂದಿಗೂ ತಾಗುವಂತೆ 20ರಿಂದ 30 ಸೆಕೆಂಡ್ ಉಜ್ಜಬೇಕು. ಒಣಗುವ ಮೊದಲೇ ಒರೆಸಿಕೊಂಡರೆ ಪ್ರಯೋಜನವಿಲ್ಲ.

ವಾರ್ಡ್‌ನಲ್ಲಿ ಯಾವುದಕ್ಕೆ ಏನು?

* ಕೈಗೆ ರಕ್ತ, ವಾಂತಿ, ಮಲ ಅಥವಾ ಕೊಳೆ ತಾಗಿದ್ದರೆ ಸೋಪು-ನೀರೇ ಬೇಕು. ಕೊಳೆಯ ಅಡಿಯಲ್ಲಿರುವ ವೈರಸ್‌ಗೆ ಆಲ್ಕೋಹಾಲ್ ಸರಿಯಾಗಿ ತಲುಪುವುದಿಲ್ಲ.
* ವಾಂತಿ-ಭೇದಿ ರೋಗಿಯನ್ನು ಮುಟ್ಟಿದ ಮೇಲೆ 40ರಿಂದ 60 ಸೆಕೆಂಡ್ ಕೈ ತೊಳೆಯಬೇಕು. ಸೋಪು ವೈರಸ್ ಅನ್ನು ಚರ್ಮದಿಂದ ಬಿಡಿಸಿದರೆ, ನೀರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ.
* ಸ್ಟೆತಸ್ಕೋಪ್, ಥರ್ಮಾಮೀಟರ್‌ನಂಥ ಚಿಕ್ಕ ವಸ್ತುಗಳನ್ನು ಒರೆಸಲು ಶೇ.70 ಆಲ್ಕೋಹಾಲ್ ಸೂಕ್ತ.
* ನೆಲಕ್ಕೆ ಆಲ್ಕೋಹಾಲ್ ಬಳಸಬಾರದು. ಅದು ಬೇಗ ಆರಿಹೋಗುತ್ತದೆ, ಬೆಂಕಿಯ ಅಪಾಯವೂ ಇದೆ. ಮೊದಲು ಕೊಳೆ ತೆಗೆದು, ಬಳಿಕ ಸೋಡಿಯಂ ಹೈಪೊಕ್ಲೋರೈಟ್ ಅಂದರೆ ಬ್ಲೀಚ್ ದ್ರಾವಣ ಬಳಸಬೇಕು. ಕೊರೊನಾ ವೈರಸ್‌ಗೆ ಶೇ.0.1 ಸಾಕು. ರಕ್ತ ಚೆಲ್ಲಿದ್ದರೆ ಶೇ.0.5 ಬೇಕು.

ರೋಗಿಯ ಜತೆಗಿರುವವರೂ ಗಮನಿಸಿ

ಹಾಸಿಗೆ ಪಕ್ಕ ರಾತ್ರಿಯಿಡೀ ಕೂರುವ ಮನೆಯವರೇ ರೋಗಿಯ ವಾಂತಿ ಒರೆಸುತ್ತಾರೆ, ಅದೇ ಕೈಯಲ್ಲಿ ಊಟವನ್ನೂ ಮಾಡಿಸುತ್ತಾರೆ. ಭೇದಿ ಇರುವ ಮಗುವನ್ನು ನೋಡಿಕೊಳ್ಳುತ್ತಿದ್ದರೆ ಸ್ಯಾನಿಟೈಸರ್ ಹಚ್ಚಿದ್ದಾಯಿತಲ್ಲ ಎಂದು ಸುಮ್ಮನಾಗಬೇಡಿ. ನಲ್ಲಿಯವರೆಗೆ ಹೋಗಿ, ಸೋಪು ಹಾಕಿ ಕೈ ತೊಳೆಯಿರಿ.