ಕೊಡುವ ಕೈಯ ಘನತೆ: ನೆಲೆಯಿಲ್ಲದ ಮಕ್ಕಳ ನಡುವಣ ಸೇವೆ

ಮನೆಯಿಲ್ಲದ ಮಗುವನ್ನು ನಮ್ಮ ಸಭೆಗಳು ಬಹುಮಟ್ಟಿಗೆ ಪಡೆಯುವ ಮಗುವಾಗಿಯೇ ಕಂಡಿವೆ. ಕ್ರಿಸ್ಮಸ್ ಕಾಲದ ಹೊದಿಕೆ, ಊಟದ ಪೊಟ್ಟಣ, ಬಟ್ಟೆಬರೆ ಇವೆಲ್ಲ ಅಗತ್ಯವೇ ಸರಿ. ಆದರೆ ಕೈಯೊಡ್ಡುವುದನ್ನಷ್ಟೇ ಕಲಿತ ಮಗು, ತನ್ನಿಂದ ಯಾರಿಗೂ ಪ್ರಯೋಜನವಿಲ್ಲವೆಂಬ ಪಾಠವನ್ನೂ ಅದರೊಡನೆ ಕಲಿಯುತ್ತದೆ. ಸೂರಿನೊಡನೆ ಅದು ಇನ್ನೊಬ್ಬರಿಗೆ ಬೇಕಾಗಿರುವ ಸ್ಥಾನವನ್ನೂ ಕಳೆದುಕೊಂಡಿರುತ್ತದೆ.

ಸತ್ಯವೇದವು ಬೇರೊಂದು ನೋಟವನ್ನು ಮುಂದಿಡುತ್ತದೆ. 2 ಅರಸು 5ನೆಯ ಅಧ್ಯಾಯದಲ್ಲಿ ಅರಾಮ್ಯರು ಸೆರೆಯೊಯ್ದ ಇಸ್ರಾಯೇಲ್ಯ ಹುಡುಗಿಯೊಬ್ಬಳಿದ್ದಾಳೆ. ಆಕೆಯ ಹೆಸರು ದಾಖಲಾಗಿಲ್ಲ, ಮನೆ ದೂರವಾಗಿದೆ. ಆದರೂ ಕುಷ್ಠರೋಗಿಯಾದ ನಾಮಾನನಿಗೆ ಗುಣಹೊಂದುವ ದಾರಿ ತೆರೆದದ್ದು ಆಕೆಯ ಮಾತಿನಿಂದಲೇ. ಯೋಹಾನ 6ರಲ್ಲಿ ಐದು ಜವೆಗೋಧಿಯ ರೊಟ್ಟಿಗಳಿದ್ದದ್ದು ಒಬ್ಬ ಹುಡುಗನ ಬಳಿ. ಜವೆಗೋಧಿ ಬಡವರ ಆಹಾರ. ಕರ್ತನು ಅದನ್ನು ಅಲ್ಪವೆಂದು ತಳ್ಳಲಿಲ್ಲ. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿಯೂ ಉದಾರವಾಗಿ ಕೊಟ್ಟವೆಂದು ಪೌಲನು ಬರೆಯುತ್ತಾನೆ (2 ಕೊರಿಂಥ 8:2). ಆದುದರಿಂದ ಕೊಡುವುದು ಉಳ್ಳವರಿಗೆ ಮೀಸಲಾದ ಹಕ್ಕಲ್ಲ. ದೇವಸ್ವರೂಪದಲ್ಲಿ ಉಂಟಾದ ಪ್ರತಿಯೊಬ್ಬರಿಗೂ ಸಲ್ಲುವ ಕರೆ.

1854ರಲ್ಲಿ ಟ್ಯೂರಿನ್ ನಗರಕ್ಕೆ ಕಾಲರಾ ಬಂದಾಗ ಜಾನ್ ಬೋಸ್ಕೋ ಗುರುಗಳು ತಮ್ಮ ಆಶ್ರಯದಲ್ಲಿದ್ದ ಬಡ ಮತ್ತು ಅನಾಥ ಹುಡುಗರನ್ನು ಸಹಾಯಕ್ಕೆ ಕರೆದರು. ಒಟ್ಟು 44 ಮಂದಿ ಮುಂದೆ ಬಂದು ರೋಗಿಗಳನ್ನು ಶುಶ್ರೂಷೆ ಮಾಡಿದರು. ಅಂತಹ ಅಪಾಯಕ್ಕೆ ಮಕ್ಕಳನ್ನು ಇಂದು ಕಳುಹಿಸಲಾಗದು, ಕಳುಹಿಸಲೂಬಾರದು. ಆದರೆ ಬೀದಿಯ ಹುಡುಗರೆಂದು ನಗರವು ಕಡೆಗಣಿಸಿದ್ದವರ ಸೇವೆಯೇ ಆ ನಗರಕ್ಕೆ ಬೇಕಾಯಿತೆಂಬುದು ಗಮನಾರ್ಹ. ಅದೇ ಪರಂಪರೆಯ ಸಲೇಸಿಯನ್ ದೇವಶಾಸ್ತ್ರ ವಿದ್ಯಾರ್ಥಿಗಳು 1980ರಲ್ಲಿ ಬೆಂಗಳೂರಿನಲ್ಲಿ ಓಣಿಯವರ ಸೇವಾ ಕೂಟವನ್ನು ಆರಂಭಿಸಿದರು.

ಸಮಾಜವಿಜ್ಞಾನವೂ ಇದಕ್ಕೆ ಬೆಂಬಲ ಕೊಡುತ್ತದೆ. ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅವರು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ತೀವ್ರ ಸಂಕಷ್ಟದಲ್ಲಿ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಕ್ಕಳು ಸಮರ್ಥರಾಗಿ ಬೆಳೆದರು. ಅವರಿಗೆ ಆಸರೆಯಾದ ಸಂಗತಿಗಳಲ್ಲಿ ಅಕ್ಕರೆಯ ಒಬ್ಬ ಹಿರಿಯರ ಸಂಗಡ, ತಮ್ಮತಂಗಿಯರ ಆರೈಕೆಯಂತಹ ಹೊಣೆಯೂ ಇತ್ತು. ತನ್ನನ್ನು ನೆಚ್ಚಿದವರಿದ್ದಾರೆಂಬ ಅರಿವು ಬಿದ್ದಲ್ಲಿಂದ ಮೇಲೇಳುವ ಬಲವನ್ನು ಕೊಡುತ್ತದೆ.

ಇದನ್ನು ಆಚರಣೆಗೆ ತರುವಾಗ ಮೂರು ಎಚ್ಚರಗಳು ಬೇಕು. ಮೊದಲನೆಯದಾಗಿ, ಮಗುವಿನ ಸೇವೆಯು ಊಟಕ್ಕೂ ಆಶ್ರಯಕ್ಕೂ ತೆರುವ ಬೆಲೆಯಾಗಬಾರದು. ನೆಲೆಯಿಲ್ಲದ ಮಗುವಿಗೆ ಪಾಲನೆ ಮತ್ತು ರಕ್ಷಣೆ ದೊರೆಯಬೇಕೆಂದು 2015ರ ಬಾಲನ್ಯಾಯ ಕಾಯಿದೆಯೇ ಹೇಳುತ್ತದೆ. ಎರಡನೆಯದಾಗಿ, ಏನನ್ನು ಕೊಡಬೇಕೆಂಬುದನ್ನು ಮಗುವೇ ಆರಿಸಲಿ. ಬೇಡವೆನ್ನುವ ಸ್ವಾತಂತ್ರ್ಯವೂ ಇರಲಿ. ಕುಟುಂಬದ ಭಾರವನ್ನು ಆಗಲೇ ಹೊತ್ತು ದಣಿದ ಮಗುವಿಗೆ ಮೊದಲು ಬೇಕಾದದ್ದು ವಿಶ್ರಾಂತಿ ಮತ್ತು ಆಟ. ಮೂರನೆಯದಾಗಿ, ಕೊಡುವ ಮಗುವಿನ ಚಿತ್ರವು ನಮ್ಮ ವರದಿಗಳ ಅಲಂಕಾರವಾಗದಿರಲಿ.

ಕಾರ್ಯವು ಚಿಕ್ಕದಾಗಿದ್ದರೆ ಸಾಕು: ಹೊಸದಾಗಿ ಬಂದವನಿಗೆ ಸ್ನಾನದ ಮನೆ ತೋರಿಸುವುದು, ಕಿರಿಯವಳಿಗೆ ಅಕ್ಷರ ಹೇಳಿಕೊಡುವುದು, ರೋಗಿಯೊಬ್ಬರಿಗೆ ಪತ್ರ ಬರೆಯುವುದು, ಆರಾಧನೆಯಲ್ಲಿ ಎಲ್ಲರಿಗಾಗಿ ಪ್ರಾರ್ಥಿಸುವುದು. ಕೊಟ್ಟದ್ದನ್ನು ನಾವು ನಿಜವಾಗಿ ಸ್ವೀಕರಿಸಬೇಕು. ನಾಮಾನನ ಮನೆಯವರು ಆ ಹುಡುಗಿಯ ಮಾತಿಗೆ ಕಿವಿಗೊಟ್ಟದ್ದರಿಂದಲೇ ಅವನು ಗುಣಹೊಂದಿದನು. ನಮ್ಮ ಸಭೆಗಳೂ ಹಾಗೆ ಕಿವಿಗೊಡಲು ಸಿದ್ಧವಾಗಿವೆಯೇ ಎಂಬುದನ್ನು ಮೊದಲು ನಾವೇ ಕೇಳಿಕೊಳ್ಳಬೇಕಾಗಿದೆ.