ಹಲ್ಲಿನ ಕ್ಲಿಪ್ಪು ತೆಗೆಸಿದ ಮೇಲೆ

ಎರಡು ವರ್ಷ ಹಲ್ಲಿಗೆ ಕ್ಲಿಪ್ಪು ಹಾಕಿಸಿಕೊಂಡು, ತಿಂಗಳಿಗೊಮ್ಮೆ ರಜೆ ಪಡೆದು, ಕಂತಿನಲ್ಲಿ ಹಣ ಕಟ್ಟಿ, ಕೊನೆಗೆ ಹಲ್ಲು ಸಾಲಾಗಿ ನಿಂತರೆ ಯಾರಿಗಾದರೂ ಸಂತೋಷವೇ. ನಮ್ಮ ವಾಚನಾಲಯಕ್ಕೆ ಬರುವ ಗುಮಾಸ್ತ ಮಿತ್ರರೊಬ್ಬರಿಗೂ ಹಾಗೆಯೇ ಆಗಿತ್ತು. ಆದರೆ ಕ್ಲಿಪ್ಪು ತೆಗೆದ ಬಳಿಕ ವೈದ್ಯರು ಕೊಟ್ಟ ರಿಟೇನರನ್ನು ಅವರು ಊಟದ ಹೊತ್ತಿಗೆ ಕಾಗದದಲ್ಲಿ ಸುತ್ತಿ ಮೆಸ್ಸಿನ ಮೇಜಿನ ಮೇಲಿಟ್ಟರು. ಎಂಜಲಿನೊಂದಿಗೆ ಅದೂ ಹೋಯಿತು. ಇನ್ನೊಂದನ್ನು ಮಾಡಿಸಲು ಸಂಬಳಕ್ಕೆ ಕಾದರು. ಅಷ್ಟರಲ್ಲಿ ಮುಂದಿನ ಹಲ್ಲು ಓರೆಯಾಗತೊಡಗಿತ್ತು. “ಅದು ಇಷ್ಟು ಮುಖ್ಯವೆಂದು ತಿಳಿದಿರಲಿಲ್ಲ” ಎಂದು ಅವರು ಆಡಿದ ಮಾತೇ ಈ ಬರಹಕ್ಕೆ ಕಾರಣ.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಬೇರಿನ ಸುತ್ತಲಿನ ಸಣ್ಣ ನಾರುಗಳು ಅದನ್ನು ಮೂಳೆಗೂ ಒಸಡಿಗೂ ಕಟ್ಟಿ ಹಿಡಿದಿರುತ್ತವೆ. ಹಲ್ಲು ಸರಿದಾಗ ಮೂಳೆಯ ಕಡೆಯ ನಾರು ಮೂರು ನಾಲ್ಕು ತಿಂಗಳಲ್ಲಿ ಹೊಸ ಜಾಗಕ್ಕೆ ಒಗ್ಗುತ್ತದೆ. ಒಸಡಿನ ಕೆಲವು ನಾರುಗಳಿಗೆ ವರ್ಷವೂ ಸಾಲದು. ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತವೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಚಿಕಿತ್ಸೆ ಪಡೆದ 65 ಮಂದಿಯ ಹಲ್ಲುಗಳನ್ನು, ರಿಟೇನರ್ ಬಿಟ್ಟು ಹತ್ತು ವರ್ಷಗಳಾದ ಮೇಲೆ ಪರೀಕ್ಷಿಸಿದ ವರದಿ 1981ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲಿ ಎರಡು ಪಾಲು ಮಂದಿಯ ಕೆಳಸಾಲಿನ ಮುಂದಿನ ಹಲ್ಲುಗಳು ಮತ್ತೆ ಕೆಟ್ಟಿದ್ದವು.

ರಿಟೇನರಿನಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಹಾಲಿ ತಟ್ಟೆ. ಅಂಗುಳಿಗೆ ಅಕ್ರಿಲಿಕ್, ಮುಂದಿನ ಹಲ್ಲುಗಳ ಮೇಲೆ ತಂತಿ. ಗಟ್ಟಿಮುಟ್ಟು, ತಂತಿಯನ್ನು ಬಿಗಿ ಮಾಡಿಸಬಹುದು. ಆದರೆ ಕಣ್ಣಿಗೆ ಕಾಣುತ್ತದೆ, ಮೊದಮೊದಲು ಮಾತು ತೊದಲುತ್ತದೆ. ಎರಡನೆಯದು ಹಲ್ಲಿನ ಅಚ್ಚಿನ ಮೇಲೆ ತಯಾರಿಸಿದ ತೆಳು ಪಾರದರ್ಶಕ ಕವಚ. ಅಷ್ಟಾಗಿ ಕಾಣುವುದಿಲ್ಲ, ಆದರೆ ಬಿರುಕು ಬಿಡುತ್ತದೆ, ಬಿಸಿ ತಾಗಿದರೆ ಸೊಟ್ಟಗಾಗುತ್ತದೆ. ಮೂರನೆಯದು ಹಲ್ಲಿನ ಹಿಂಬದಿಗೆ ಅಂಟಿಸುವ ತಂತಿ. ಹಾಕಿಕೊಳ್ಳಲು ಮರೆಯುವ ಭಯವಿಲ್ಲ. ಆದರೆ ಸುತ್ತ ಕಿಟ್ಟ ಕಟ್ಟುತ್ತದೆ, ಒಂದು ಕಡೆ ಅಂಟು ಬಿಟ್ಟರೂ ನಮಗೆ ಗೊತ್ತಾಗದೆ ಹಲ್ಲು ಸರಿಯಬಹುದು.

ಇವುಗಳಲ್ಲಿ ಯಾವುದು ಉತ್ತಮ? ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ಇಂಥದೇ ಮೇಲೆನ್ನಲು ಸಾಕಷ್ಟು ಆಧಾರವಿಲ್ಲವೆಂದು 2023ರಲ್ಲಿ ತಿಳಿಸಿತು. ಆದುದರಿಂದ ಆಯ್ಕೆಯಲ್ಲಿ ರೋಗಿಯ ಮಾತಿಗೂ ಬೆಲೆಯುಂಟು. ನಮ್ಮ ಬಾಯಿಯ ಸ್ಥಿತಿಯನ್ನು ವೈದ್ಯರು ಬಲ್ಲರು. ನಮ್ಮ ಬದುಕಿನ ರೀತಿಯನ್ನು ನಾವೇ ಹೇಳಬೇಕು. ವರ್ಗಾವಣೆಯ ನೌಕರಿಯೇ? ಹಾಗಾದರೆ ಅಂಟಿಸಿದ ತಂತಿ ಬಿಟ್ಟಾಗ ಹೊಸ ಊರಿನಲ್ಲಿ ಯಾರು ನೋಡುವರೆಂದು ಯೋಚಿಸಬೇಕು. ವಸ್ತುಗಳನ್ನು ಕಳೆದುಕೊಳ್ಳುವ ಸ್ವಭಾವವೇ? ಅಂಥವರಿಗೆ ಅಂಟಿಸಿದ ತಂತಿಯೇ ಅನುಕೂಲವಾದೀತು. ದಿನವಿಡೀ ಗಿರಾಕಿಗಳೊಡನೆ ಮಾತಾಡುವವರು ತಟ್ಟೆಗಿಂತ ಕವಚವನ್ನು ಬಯಸಬಹುದು. ಇಲ್ಲಿನ ಖರ್ರಾ ಜಗಿಯುವ ಚಟವಿದ್ದರೆ ಅದನ್ನೂ ಮುಚ್ಚಿಡಬಾರದು. ಗಟ್ಟಿ ಅಡಿಕೆಗೆ ಅಂಟು ಕಿತ್ತು ಬರುವುದುಂಟು. ಆ ಚಟ ಬಾಯಿಗೇ ಅಪಾಯವೆಂಬುದು ಬೇರೆ ಮಾತು.

ಯಾವುದೇ ಬಗೆಯಾದರೂ ಕೆಲವು ನಿಯಮಗಳಿವೆ. ತೆಗೆಯುವ ರಿಟೇನರಿಗೆ ಗಟ್ಟಿ ಡಬ್ಬಿ ಬೇಕು, ಕಾಗದ ಸಲ್ಲದು. ತೊಳೆಯಲು ತಣ್ಣೀರೇ ಸರಿ. ನಾಗಪುರದ ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬಾರದು. ಕವಚ ಹಾಕಿಕೊಂಡು ಕಿತ್ತಳೆಯ ರಸವನ್ನಾಗಲಿ ಸಕ್ಕರೆಯ ಚಹವನ್ನಾಗಲಿ ಕುಡಿದರೆ ಹುಳಿಯೂ ಸಿಹಿಯೂ ಒಳಗೇ ನಿಂತು ಹಲ್ಲನ್ನು ಕೆಡಿಸುತ್ತವೆ. ರಾತ್ರಿ ಪಾಳಿಯವರಿಗೆ “ರಾತ್ರಿ ಹಾಕಿಕೊಳ್ಳಿ” ಎಂದರೆ ಮಲಗುವಾಗ ಎಂದರ್ಥ. ಕಳೆದರೆ ಅಥವಾ ಮುರಿದರೆ ಅದೇ ವಾರ ವೈದ್ಯರಲ್ಲಿಗೆ ಹೋಗತಕ್ಕದ್ದು.

ವೈದ್ಯರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುವುದು ನಮ್ಮವರ ರೂಢಿ. ಕ್ಲಿಪ್ಪು ತೆಗೆಸುವ ಮುನ್ನವೇ ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿರಿ: ನನಗೆ ಯಾವ ಬಗೆ ಒಪ್ಪುತ್ತದೆ, ಏಕೆ? ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷ? ಕಳೆದರೆ ಖರ್ಚೆಷ್ಟು? ಊರು ಬಿಟ್ಟರೆ ಏನು ಮಾಡಬೇಕು? ಖಾಸಗಿ ವೈದ್ಯರ ಖರ್ಚು ಭಾರವೆನಿಸಿದವರು ಇಲ್ಲಿನ ಸರಕಾರಿ ದಂತ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿಯೂ ವಿಚಾರಿಸಬಹುದು.

ಗಳಿಸುವುದಕ್ಕಿಂತ ಉಳಿಸುವುದು ಕಷ್ಟವೆಂದು ಹಿರಿಯರು ಹೇಳುವುದುಂಟು. ಹಲ್ಲಿನ ವಿಷಯದಲ್ಲಿಯೂ ಆ ಮಾತು ಸುಳ್ಳಲ್ಲ.