ಅದು ಹೇಗೆ ಗೊತ್ತು?

ಒಬ್ಬ ಅಕ್ಕನಿಗೆ ಜ್ವರ ಬಂತು ಅಂದುಕೊಳ್ಳಿ. ಅವಳು ಸೂಜಿ ಹಾಕಿಸಿಕೊಂಡಳು. ಮೂರು ದಿನಕ್ಕೆ ಜ್ವರ ಬಿಟ್ಟಿತು. "ಸೂಜಿಯಿಂದಲೇ ವಾಸಿ ಆಯ್ತು ಕಣೇ" ಅಂತ ಪಕ್ಕದ ಮನೆಯವಳಿಗೆ ಹೇಳಿದಳು. ಪಕ್ಕದ ಮನೆಯವಳಿಗೂ ಅದೇ ವಾರ ಜ್ವರ ಬಂದಿತ್ತು. ಅವಳು ಗಂಜಿ ಕುಡಿದು ಮಲಗಿದ್ದಳು. ಅವಳ ಜ್ವರವೂ ಮೂರು ದಿನಕ್ಕೇ ಬಿಟ್ಟಿತ್ತು!

ಹಾಗಾದರೆ ವಾಸಿಯಾದದ್ದು ಸೂಜಿಯಿಂದಲೋ, ತಾನಾಗಿಯೋ? ಒಬ್ಬರನ್ನು ನೋಡಿ ಹೇಳೋಕಾಗಲ್ಲ. ಇಬ್ಬರನ್ನು ನೋಡಿದರೂ ಸಾಲದು. (ಜ್ವರ ಬಿಡದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು, ಅದು ಬೇರೆ ಮಾತು.)

ಹೊಲದ ಕೆಲಸ ನಮಗೆಲ್ಲ ಗೊತ್ತು. ಹೊಸ ಗೊಬ್ಬರ ಬಂತು. ಅದು ಒಳ್ಳೆಯದೋ ಅಲ್ಲವೋ ತಿಳಿಯಬೇಕು. ಅರ್ಧ ಹೊಲದ ಶೇಂಗಾಕ್ಕೆ ಗೊಬ್ಬರ ಹಾಕಿ, ಉಳಿದ ಅರ್ಧಕ್ಕೆ ಬಿಡುತ್ತೇವೆ. ಆದರೆ ಒಳ್ಳೆ ಮಣ್ಣಿರುವ ಕಡೆಗೇ ಗೊಬ್ಬರ ಹಾಕಿದರೆ? ಅದು ಮೋಸದ ಪರೀಕ್ಷೆ. ಔಷಧಿಗೂ ಹಾಗೆಯೇ. ತುಂಬಾ ಜನರನ್ನು ಸೇರಿಸಿ, ಚೀಟಿ ಎತ್ತಿ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧಿ ಕೊಡುತ್ತಾರೆ. ಇನ್ನೊಂದಕ್ಕೆ ಕೊಡುವುದಿಲ್ಲ. ಆಮೇಲೆ ಹೋಲಿಸುತ್ತಾರೆ.

ಇದು ದೊಡ್ಡ ಓದು ಓದಿದವರಿಗೆ ಮಾತ್ರ ಅರ್ಥವಾಗುತ್ತದೆ ಅನ್ನಬೇಡಿ. ಆಫ್ರಿಕಾದಲ್ಲಿ ಉಗಾಂಡ ಅಂತ ಒಂದು ದೇಶ ಇದೆ. ಅಲ್ಲಿ 2016ರಲ್ಲಿ 120 ಶಾಲೆಗಳನ್ನು ಆರಿಸಿದರು. ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನ ಮಕ್ಕಳಿಗೆ ಚಿತ್ರಕತೆ ಪುಸ್ತಕ ಕೊಟ್ಟು ಇದೇ ಪಾಠ ಹೇಳಿದರು. ಸುಟ್ಟ ಗಾಯಕ್ಕೆ ಸಗಣಿ ಹಚ್ಚುವ ಮಾತೂ ಅದರಲ್ಲಿ ಬರುತ್ತದೆ. ನಮ್ಮಲ್ಲೂ ಹಚ್ಚುವವರು ಇದ್ದಾರಲ್ಲ! (ಹಚ್ಚಬೇಡಿ. ತಣ್ಣೀರು ಹರಿಸಿ.) ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಟ್ಟರು. ಪಾಠ ಕಲಿತವರಲ್ಲಿ ನೂರಕ್ಕೆ 69 ಮಕ್ಕಳು ಪಾಸಾದರು. ಕಲಿಯದವರಲ್ಲಿ 27 ಮಾತ್ರ. ಆ ಪಾಠವನ್ನೂ ಹೋಲಿಸಿಯೇ ನೋಡಿದರು, ಗಮನಿಸಿದಿರಾ?

ಈಗ ನಮ್ಮ ಮನೆಗೆ ಬರೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ - ನಮ್ಮದು ಬರ ಕಂಡ ಸೀಮೆ. ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿ ನೀರೇ ಗತಿ. ನಮ್ಮ ಜಿಲ್ಲೆಯ ಹಲವು ಕಡೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಕಲ್ಲಿನಿಂದ ನೀರಿಗೆ ಇಳಿಯುವ ಲವಣ. ಕಣ್ಣಿಗೆ ಕಾಣಲ್ಲ, ನಾಲಿಗೆಗೂ ತಿಳಿಯಲ್ಲ.

"ನೀರು ಕಾಯಿಸಿ ಕುಡೀತೀವಿ, ನಮಗೇನೂ ಆಗಲ್ಲ" ಅನ್ನುತ್ತೇವೆ. ಅದು ಹೇಗೆ ಗೊತ್ತು? ಕಾಯಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ. ಆದರೆ ಫ್ಲೋರೈಡ್ ಹೋಗುವುದಿಲ್ಲ. ಸಾರು ಕುದಿದು ಇಂಗಿದರೆ ಉಪ್ಪು ಜಾಸ್ತಿ ಆಗಲ್ವೇ? ಹಾಗೆಯೇ ಇದೂ.

ಎಂಟು ವರ್ಷದೊಳಗಿನ ಮಕ್ಕಳ ಶಾಶ್ವತ ಹಲ್ಲು ಒಸಡಿನೊಳಗೇ ಬೆಳೆಯುತ್ತಿರುತ್ತದೆ. ಕಲೆ ಬೀಳುವುದು ಆಗಲೇ. ಆಮೇಲೆ ಎಷ್ಟು ಉಜ್ಜಿದರೂ ಹೋಗದು. "ಸರಿಯಾಗಿ ಹಲ್ಲುಜ್ಜಲ್ಲ ನೀನು" ಅಂತ ನಾವು ಮಗುವನ್ನು ಬೈಯುತ್ತೇವೆ. ತಪ್ಪು ಮಗುವಿನದಲ್ಲ, ನೀರಿನದು. ವರ್ಷಗಟ್ಟಲೆ ಅದನ್ನೇ ಕುಡಿದರೆ ದೊಡ್ಡವರ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಬಗ್ಗಿ ಕಳೆ ತೆಗೆಯಲೂ ಆಗುವುದಿಲ್ಲ.

ನೀರನ್ನು ಪರೀಕ್ಷೆ ಮಾಡಿಸಬಹುದು. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷೆಯ ಕಿಟ್ ಇದೆಯೇ ಕೇಳಿ. ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ಅದನ್ನು ಬಳಸಲು ಕಲಿಸಬೇಕು ಎಂಬುದು 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ಏರ್ಪಾಡು. ಆ ಐವರಲ್ಲಿ ನೀವೂ ಒಬ್ಬರಾಗಬಹುದು. ಶಾಲೆಗೆ ಹೋಗುವ ಮಗ, ಮಗಳನ್ನೂ ಜೊತೆಗೆ ಕರೆದುಕೊಳ್ಳಿ. ಕೊಳವೆಬಾವಿ ನೀರು ಒಂದು ಬಾಟಲಿ, ಶುದ್ಧ ನೀರಿನ ಘಟಕದ್ದು ಇನ್ನೊಂದು. ಎರಡನ್ನೂ ಪರೀಕ್ಷಿಸಿ, ಹೋಲಿಸಿ. ಘಟಕದ ನೀರನ್ನೂ ಕಣ್ಣು ಮುಚ್ಚಿ ನಂಬಬೇಡಿ, ಅದರ ಫಿಲ್ಟರ್ ಹಳೆಯದಾಗಿರಬಹುದು.

ಫಲಿತಾಂಶದ ಚೀಟಿಯನ್ನು ನೀವೇ ಓದಿ. ಫ್ಲೋರೈಡ್ ಎಂಬುದರ ಮುಂದೆ ಒಂದು ಅಂಕಿ ಇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕೂ ಮೀರಿದ್ದರೆ ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಬಳಸಿ. ಕುಡಿಯಲು, ಅಡುಗೆಗೆ ಬೇಡ. ಆ ಚೀಟಿಯನ್ನು ಹಿಡಿದು, ಬೇರೆ ನೀರು ಕೊಡಿ ಎಂದು ಗ್ರಾಮಸಭೆಯಲ್ಲಿ ಕೇಳಿ.